ಹೊಸವರ್ಷದ ದಿನ ಮನೆಜಗಳದ ಕಥೆ ಯಾಕೆ ಓದ್ತಾರೆ?

ಯೆಹೂದಿಗಳ ಹೊಸವರ್ಷಕ್ಕೆ ರೋಷ್ ಹಶಾನಾ ಅಂತ ಹೆಸರು. ಸೆಪ್ಟೆಂಬರ್ ಇಲ್ಲಾ ಅಕ್ಟೋಬರ್‌ನಲ್ಲಿ ಬರುತ್ತೆ, ಎರಡು ದಿನದ ಹಬ್ಬ, ಸೇಬನ್ನ ಜೇನಲ್ಲಿ ಅದ್ದಿ ತಿಂತಾರೆ. ಆದ್ರೆ ಅದು ಬರೀ ಸಿಹಿ ತಿನ್ನೋ ಹಬ್ಬ ಅಲ್ಲ, ನ್ಯಾಯತೀರ್ಪಿನ ದಿನ ಕೂಡ. ಆವತ್ತು ಒಬ್ಬೊಬ್ಬ ಮನುಷ್ಯನೂ ದೇವರ ಕಣ್ಣಮುಂದೆ ಹಾದುಹೋಗ್ತಾನೆ, ಬರೋ ವರ್ಷ ಯಾರು ಬದುಕ್ತಾರೆ ಯಾರು ಇಲ್ಲ ಅಂತ ಬರೆಯೋದು ಆವತ್ತೇ, ಅಲ್ಲಿಂದ ಹತ್ತನೇ ದಿನ ಬರೋ ಯೋಮ್ ಕಿಪ್ಪುರ್, ಅಂದ್ರೆ ಪ್ರಾಯಶ್ಚಿತ್ತದ ದಿನ, ಅದಕ್ಕೆ ಮುದ್ರೆ ಬೀಳುತ್ತೆ ಅನ್ನೋ ನಂಬಿಕೆ. ಹಾಗಾಗಿ ಆ ದಿನಗಳ ಪ್ರಾರ್ಥನೆ ಪೂರ್ತಿ ಒಂದೇ ಬೇಡಿಕೆ, ನಮ್ಮನ್ನ ನ್ಯಾಯದ ಲೆಕ್ಕದಲ್ಲಿ ನೋಡಬೇಡ, ಕರುಣೆಯಿಂದ ನೋಡು ಅಂತ.

ಅಂಥ ದಿನ ಸಿನಗಾಗ್‌ನಲ್ಲಿ, ಅಂದ್ರೆ ಯೆಹೂದಿಗಳ ಪ್ರಾರ್ಥನಾ ಮಂದಿರದಲ್ಲಿ, ಧರ್ಮಗ್ರಂಥದ ಯಾವ ಭಾಗ ಓದ್ತಾರೆ? ಹೊಸವರ್ಷ ಅಂದಮೇಲೆ "ಆದಿಯಲ್ಲಿ ದೇವರು ಆಕಾಶವನ್ನೂ ಭೂಮಿಯನ್ನೂ ಉಂಟುಮಾಡಿದನು" ಅನ್ನೋ ಸೃಷ್ಟಿಯ ಅಧ್ಯಾಯ ಓದ್ತಾರೆ ಅಂತ ಯಾರಾದ್ರೂ ಅಂದ್ಕೋತಾರೆ. ಅದಲ್ಲ. ಮೊದಲನೇ ದಿನ ಓದೋದು ಇಬ್ಬರು ಹೆಂಗಸರು ಒಂದೇ ಮನೆಯಲ್ಲಿ ಬಾಳೋಕಾಗದೆ, ಒಬ್ಬಳನ್ನ ಮಗನ ಸಮೇತ ಮರುಭೂಮಿಗೆ ಕಳಿಸಿದ ಕಥೆ. ಅದರ ಜೊತೆಗೆ ಇನ್ನೊಂದು ಸವತಿಯರ ಮನೆಯ ಕಥೆ. ಎರಡನೇ ದಿನ ಅಪ್ಪ ಮಗನ ಮೇಲೆ ಕತ್ತಿ ಎತ್ತಿದ ಕಥೆ, ಆಮೇಲೆ ತನ್ನ ಮಕ್ಕಳಿಗಾಗಿ ಅಳೋ ಒಬ್ಬ ತಾಯಿಯ ಮಾತು. ಅಂದ್ರೆ ನಾಲ್ಕಕ್ಕೆ ನಾಲ್ಕೂ ಮನೆಯೊಳಗಿನ ನೋವು.

ಇದು ಯಾರೋ ಅಂದಾಜಿನಲ್ಲಿ ಆರಿಸಿದ್ದಲ್ಲ. ತಾಲ್ಮುಡ್‌ನಲ್ಲಿ, ಅಂದ್ರೆ ಯೆಹೂದಿ ಪಂಡಿತರ ಚರ್ಚೆಗಳ ಆ ದೊಡ್ಡ ಸಂಗ್ರಹದಲ್ಲಿ, ಮೆಗಿಲ್ಲಾ ಅನ್ನೋ ಭಾಗದಲ್ಲೇ ಈ ಪಟ್ಟಿ ಇದೆ. ಅಲ್ಲಿನ ಇನ್ನೊಂದು ಕಡೆ ಒಂದು ಕಾರಣಾನೂ ಸಿಗುತ್ತೆ, ಮಕ್ಕಳಿಲ್ಲದ ಸಾರಾ, ರಾಹೇಲ, ಹನ್ನ ಈ ಮೂವರನ್ನೂ ದೇವರು ನೆನೆಸಿಕೊಂಡಿದ್ದು ರೋಷ್ ಹಶಾನಾ ದಿನವೇ ಅಂತ. ಸರಿ, ಆದ್ರೆ ಆ ಕಾರಣ ಒಪ್ಪಿಕೊಂಡ್ರೂ ಒಂದು ವಿಷಯ ಉಳಿದುಬಿಡುತ್ತೆ: ಆ ಮೂವರ ಕಥೆಯಲ್ಲೂ ಪಕ್ಕದಲ್ಲಿ ಇನ್ನೊಬ್ಬಳು ಇದ್ದಾಳೆ, ಹಾಗರ, ಲೇಯ, ಪೆನಿನ್ನ, ಮತ್ತು ಒಬ್ಬಳನ್ನ ನೆನೆಸಿಕೊಂಡಾಗ ಇನ್ನೊಬ್ಬಳಿಗೆ ಏನಾಯ್ತು ಅನ್ನೋದನ್ನ ಆ ಗ್ರಂಥ ಮುಚ್ಚಿಡೋದಿಲ್ಲ. ಕ್ರೈಸ್ತರು ಹಳೆಯ ಒಡಂಬಡಿಕೆ ಅಂತ ಕರೆಯೋ ಈ ಹೀಬ್ರೂ ಗ್ರಂಥದಲ್ಲಿ ದೇವರ ಕರುಣೆ ಹೇಗೆ ಕೆಲಸ ಮಾಡುತ್ತೆ ಅಂತ ಅರ್ಥ ಆಗಬೇಕಾದ್ರೆ ಆ ಇನ್ನೊಬ್ಬಳನ್ನ ನೋಡಬೇಕು, ನನಗಂತೂ ಹಾಗೇ ಅನಿಸೋದು.

ಮೊದಲು ಹಾಗರಳ ಕಥೆ, ಅದನ್ನ ನಿಧಾನವಾಗಿ ನೋಡೋಣ. ಆದಿಕಾಂಡದ, ಅಂದ್ರೆ ಆ ಗ್ರಂಥದ ಮೊದಲ ಪುಸ್ತಕದ, 16ನೇ ಅಧ್ಯಾಯ. ಯೆಹೂದಿಗಳ ಮೂಲಪುರುಷ ಅಬ್ರಾಮ ಮತ್ತು ಅವನ ಹೆಂಡತಿ ಸಾರಯ (ಅಬ್ರಹಾಮ, ಸಾರಾ ಅನ್ನೋ ಹೆಸರುಗಳು ಆಮೇಲೆ ಬಂದಿದ್ದು) ಕಾನಾನ್ ದೇಶಕ್ಕೆ ಬಂದು ಹತ್ತು ವರ್ಷ ಆಗಿದೆ. ನಿನ್ನ ಸಂತತಿ ನಕ್ಷತ್ರಗಳಷ್ಟಾಗುತ್ತೆ ಅಂತ ದೇವರ ಮಾತಿದೆ, ಮಗು ಮಾತ್ರ ಇಲ್ಲ. ಸಾರಯಳ ಹತ್ರ ಹಾಗರ ಅಂತ ಐಗುಪ್ತದ (ಈಜಿಪ್ಟಿನ) ಒಬ್ಬ ದಾಸಿ ಇದ್ದಾಳೆ. ಇವಳಿಂದಾದ್ರೂ ನನ್ನ ಮನೆ ಬೆಳೆಯಲಿ ಅಂತ ಸಾರಯಳೇ ಅವಳನ್ನ ಗಂಡನಿಗೆ ಕೊಡ್ತಾಳೆ. ಈಗ ಓದೋರಿಗೆ ಇದು ವಿಚಿತ್ರ ಅನ್ನಿಸಬಹುದು, ಆದ್ರೆ ಆ ಕಾಲದ ಆ ಭಾಗದಲ್ಲಿ ಇದು ಕಾಗದ ಪತ್ರ ಮಾಡಿಕೊಂಡು ನಡೀತಿದ್ದ ವ್ಯವಹಾರ. ಈಗಿನ ಇರಾಕ್‌ನ ನುಜಿ ಅನ್ನೋ ಊರಲ್ಲಿ ಸಿಕ್ಕ ಮಣ್ಣಿನ ಫಲಕಗಳಲ್ಲಿ ಒಂದು ಮದುವೆ ಕರಾರಿದೆ, ಹೆಂಡತಿಗೆ ಮಕ್ಕಳಾಗದಿದ್ರೆ ಅವಳೇ ಒಬ್ಬ ದಾಸಿಯನ್ನ ಗಂಡನಿಗೆ ತಂದುಕೊಡಬೇಕು, ಆದ್ರೆ ಹುಟ್ಟಿದ ಮಗುವನ್ನ ಹೊರಗೆ ಹಾಕೋ ಹಾಗಿಲ್ಲ ಅಂತ. ಕ್ರಿ.ಪೂ. 18ನೇ ಶತಮಾನದ ಬಾಬಿಲೋನಿನ ರಾಜ ಹಮ್ಮುರಾಬಿಯ ಕಾನೂನಿನ 146ನೇ ಕಲಮು ಇನ್ನೂ ಹತ್ತಿರ ಬರುತ್ತೆ. ಪೂಜಾರಿಣಿ ವರ್ಗದ ಹೆಂಡತಿ ಗಂಡನಿಗೆ ದಾಸಿಯನ್ನ ಕೊಟ್ಟು, ಆ ದಾಸಿ ಮಕ್ಕಳಾದಮೇಲೆ ಯಜಮಾನಿಗೆ ಸಮ ಅಂತ ನಡ್ಕೊಂಡ್ರೆ ಅವಳನ್ನ ಮಾರೋ ಹಾಗಿಲ್ಲ, ಮತ್ತೆ ದಾಸಿಯರ ಸಾಲಿಗೆ ಸೇರಿಸಬಹುದು ಅಂತ. ಕಾನೂನು ಬರೆಯೋಷ್ಟು ಮಟ್ಟಿಗೆ ಈ ಜಗಳ ಮನೆಮನೆಯಲ್ಲೂ ಇತ್ತು ಅಂತಾಯ್ತು.

ಇಲ್ಲೂ ಅದೇ ಆಗೋದು. ಹಾಗರ ಬಸುರಿ ಆಗ್ತಾಳೆ, ಯಜಮಾನಿಯನ್ನ ಸಸಾರವಾಗಿ ನೋಡೋಕೆ ಶುರು ಮಾಡ್ತಾಳೆ. ಸಾರಯ ಗಂಡನ ಹತ್ರ ಹೋಗಿ "ನನಗಾಗ್ತಿರೋ ಅನ್ಯಾಯಕ್ಕೆ ನೀವೇ ಹೊಣೆ" ಅಂತಾಳೆ, ಗಂಡ "ನಿನ್ನ ದಾಸಿ ನಿನ್ನ ಕೈಯಲ್ಲೇ ಇದ್ದಾಳಲ್ಲ, ನಿನಗೆ ಸರಿ ಕಂಡ ಹಾಗೆ ಮಾಡು" ಅಂತ ಕೈತೊಳೆದುಕೊಳ್ತಾನೆ, ಸಾರಯ ಅವಳಿಗೆ ಎಷ್ಟು ಕಾಟ ಕೊಡ್ತಾಳೆ ಅಂದ್ರೆ ಬಸುರಿ ಹೆಂಗಸು ಮನೆ ಬಿಟ್ಟು ಮರುಭೂಮಿಗೆ ಓಡಿಹೋಗ್ತಾಳೆ. ಅವಳು ಹೋಗ್ತಿದ್ದ ದಾರಿ ಶೂರ್ ಕಡೆಯದ್ದು, ಅಂದ್ರೆ ತನ್ನ ತವರು ಐಗುಪ್ತದ ದಿಕ್ಕು.

ಈ ಅಧ್ಯಾಯದಲ್ಲಿ ಒಂದು ವಿಷಯ ಸುಲಭಕ್ಕೆ ಕಣ್ಣಿಗೆ ಬೀಳಲ್ಲ. ಗಂಡ ಹೆಂಡತಿ ಇಬ್ಬರೂ ಮಾತಾಡುವಾಗ ಒಂದ್ಸಲಾನೂ ಹಾಗರಳ ಹೆಸರು ಹೇಳೋದಿಲ್ಲ. ನನ್ನ ದಾಸಿ, ನಿನ್ನ ದಾಸಿ, ಅಷ್ಟೇ. ಮೊದಲ ಸಲ ಅವಳನ್ನ ಹೆಸರಿಡಿದು ಕರೆಯೋದು ಆ ದಾರಿಯ ಒಂದು ಬುಗ್ಗೆಯ ಹತ್ರ ಸಿಕ್ಕ ದೇವದೂತ: "ಸಾರಯಳ ದಾಸಿಯಾದ ಹಾಗರಳೇ, ಎಲ್ಲಿಂದ ಬಂದೆ, ಎಲ್ಲಿಗೆ ಹೋಗ್ತಿದ್ದೀಯ?" ಅವಳು ಮೊದಲ ಪ್ರಶ್ನೆಗೆ ಮಾತ್ರ ಉತ್ತರ ಕೊಡ್ತಾಳೆ, ಯಜಮಾನಿ ಹತ್ರದಿಂದ ಓಡಿ ಬಂದೆ ಅಂತ. ಎಲ್ಲಿಗೆ ಅನ್ನೋದಕ್ಕೆ ಅವಳ ಹತ್ರ ಉತ್ತರ ಇಲ್ಲ.

ದೂತ ಹೇಳೋ ಮಾತು ಇದೆಯಲ್ಲ, ಅದು ತುಂಬಾ ಜನಕ್ಕೆ ಸಹಿಸೋಕಾಗದ ಮಾತು: ವಾಪಸ್ ಹೋಗು, ಅವಳ ಕೈಕೆಳಗೇ ಇರು. ಆಮೇಲೆ ಅವಳಿಗೂ ಒಂದು ವಾಗ್ದಾನ, ಲೆಕ್ಕಕ್ಕೆ ಸಿಗದಷ್ಟು ಸಂತತಿ ಆಗುತ್ತೆ, ಮಗ ಹುಟ್ತಾನೆ, ಇಷ್ಮಾಯೇಲ (ದೇವರು ಕೇಳ್ತಾನೆ ಅಂತ ಅರ್ಥ) ಅಂತ ಹೆಸರಿಡು, ಯಾಕಂದ್ರೆ ನಿನ್ನ ಕಷ್ಟ ದೇವರ ಕಿವಿಗೆ ಬಿದ್ದಿದೆ. ಆಗ ಹಾಗರ ಮಾಡೋ ಕೆಲಸವನ್ನ ತೋರಾದಲ್ಲಿ, ಅಂದ್ರೆ ಹೀಬ್ರೂ ಗ್ರಂಥದ ಮೊದಲ ಐದು ಪುಸ್ತಕಗಳಲ್ಲಿ, ಬೇರೆ ಯಾರೂ ಮಾಡಿಲ್ಲ, ಅವಳು ದೇವರಿಗೇ ಒಂದು ಹೆಸರಿಡ್ತಾಳೆ, ನನ್ನನ್ನ ನೋಡುವ ದೇವರು ನೀನು ಅಂತ. ಆ ಬುಗ್ಗೆಗೂ ಅದೇ ಅರ್ಥದ ಹೆಸರು ಉಳಿಯುತ್ತೆ, ಬೆಯೇರ್ ಲಹೈರೋಯಿ. ಈ ಜಾಗ ನೆನಪಿಟ್ಕೊಳ್ಳಿ, ಮುಂದೆ ಮತ್ತೆ ಬರುತ್ತೆ.

ಇಲ್ಲಿ ಸಾರಯ ಮಾಡಿದ್ದು ಸರಿನಾ ಅಂತ ಕೇಳಿದವರು ಆ ಧರ್ಮದ ಒಳಗೇ ಇದ್ದಾರೆ. 13ನೇ ಶತಮಾನದಲ್ಲಿ ಸ್ಪೇನಿನ ಜಿರೋನಾದಲ್ಲಿದ್ದ ಪಂಡಿತ ರಂಬಾನ್, ಅಂದ್ರೆ ನಹ್ಮಾನಿಡಿಸ್, ತನ್ನ ವ್ಯಾಖ್ಯಾನದಲ್ಲಿ ಸುತ್ತು ಬಳಸು ಇಲ್ಲದೆ ಬರೀತಾನೆ, ನಮ್ಮ ತಾಯಿ ಸಾರಾ ಹೀಗೆ ಕಾಟ ಕೊಟ್ಟು ಪಾಪ ಮಾಡಿದಳು, ಬಿಟ್ಟುಕೊಟ್ಟ ಅಬ್ರಹಾಮನೂ ಪಾಪ ಮಾಡಿದ ಅಂತ. ತನ್ನ ಜನಾಂಗದ ಮೂಲ ತಾಯಿತಂದೆಯರ ಬಗ್ಗೆ ಹೀಗೆ ಬರೆಯೋಕೆ ಎದೆಗಾರಿಕೆ ಬೇಕು, ನನಗೆ ಆ ಸಾಲು ಓದಿದಾಗಲೆಲ್ಲ ಆ ಮನುಷ್ಯನ ಮೇಲೆ ಗೌರವ ಜಾಸ್ತಿ ಆಗುತ್ತೆ.

ಈಗ 21ನೇ ಅಧ್ಯಾಯ, ಹೊಸವರ್ಷದ ಮೊದಲ ದಿನ ಓದೋದು ಇದೇ. ಸಾರಾಗೆ ಕೊನೆಗೂ ಮಗ ಹುಟ್ಟಿದ್ದಾನೆ, ಇಸಾಕ. ಅಬ್ರಹಾಮನಿಗೆ ಆಗ 100 ವರ್ಷ, ಇಷ್ಮಾಯೇಲ ಹುಟ್ಟಿದಾಗ 86 ಇತ್ತು. ಕೂಸಿಗೆ ಹಾಲು ಬಿಡಿಸಿದ ದಿನ ದೊಡ್ಡ ಔತಣ. ಆವತ್ತು ಹಾಗರಳ ಮಗ ಏನೋ ನಗಾಡ್ತಿರೋದು, ಆಟ ಆಡ್ತಿರೋದು ಸಾರಾ ಕಣ್ಣಿಗೆ ಬೀಳುತ್ತೆ. ಏನು ಮಾಡ್ತಿದ್ದ ಅಂತ ಗ್ರಂಥ ಬಿಡಿಸಿ ಹೇಳೋದಿಲ್ಲ. ಕೆಲವು ವ್ಯಾಖ್ಯಾನಕಾರರು ದೊಡ್ಡ ದೊಡ್ಡ ಪಾಪಗಳನ್ನ ಆ ಹುಡುಗನ ತಲೆಗೆ ಕಟ್ಟಿದ್ದಾರೆ, ಆದ್ರೆ 12ನೇ ಶತಮಾನದ ಇಬ್ನ್ ಎಜ್ರಾ ಹೇಳೋದು ಸರಳ, ಹುಡುಗರು ಆಡೋದೇ ಹಾಗೆ, ತನ್ನ ಮಗನಿಗಿಂತ ಅವನು ದೊಡ್ಡವನಾಗಿದ್ದ ಅಂತ ಅವಳಿಗೆ ಹೊಟ್ಟೆಕಿಚ್ಚಾಯ್ತು. ಸಾರಾ ಗಂಡನಿಗೆ ಹೇಳಿಬಿಡ್ತಾಳೆ, ಈ ದಾಸಿಯನ್ನೂ ಇವಳ ಮಗನನ್ನೂ ಹೊರಗೆ ಹಾಕಿ, ನನ್ನ ಮಗನ ಜೊತೆ ಇವನಿಗೆ ಆಸ್ತಿಯಲ್ಲಿ ಪಾಲು ಇಲ್ಲ.

ಆಸ್ತಿ. ಎಲ್ಲಾ ಮನೆಜಗಳಗಳ ಹಾಗೆ ಇದೂ ಅಲ್ಲಿಗೇ ಬಂತು.

ಅಬ್ರಹಾಮನಿಗೆ ಇದು ಬಹಳ ಸಂಕಟ ಆಗುತ್ತೆ, ಅವನಿಗೆ ಇಷ್ಮಾಯೇಲನ ಮೇಲೆ ಪ್ರೀತಿ ಇತ್ತು, ಹಿಂದೆ ದೇವರು ಇಸಾಕನ ಸುದ್ದಿ ಹೇಳಿದಾಗಲೂ "ಇಷ್ಮಾಯೇಲನೇ ನಿನ್ನ ಮುಂದೆ ಬಾಳಿದ್ರೆ ಸಾಕು" ಅಂದಿದ್ದವನು. ಆದ್ರೆ ದೇವರು ಸಾರಾ ಹೇಳಿದ ಹಾಗೆ ಮಾಡು ಅಂತಾನೆ, ಆ ಹುಡುಗನನ್ನೂ ದೊಡ್ಡ ಜನಾಂಗ ಮಾಡ್ತೀನಿ ಅಂತ ಮಾತು ಕೊಡ್ತಾನೆ. ಮಾರನೇ ದಿನ ಬೆಳಗಾಗೆದ್ದು ಅಬ್ರಹಾಮ ಹಾಗರಳ ಹೆಗಲಿಗೆ ಒಂದಿಷ್ಟು ರೊಟ್ಟಿ, ಒಂದು ತೊಗಲಿನ ಚೀಲದಲ್ಲಿ ನೀರು ಹೊರಿಸಿ ಮಗನ ಸಮೇತ ಕಳಿಸಿಬಿಡ್ತಾನೆ. ದೊಡ್ಡ ಶ್ರೀಮಂತ, ಕುರಿ ದನ ಒಂಟೆ ಬೆಳ್ಳಿ ಬಂಗಾರ ಎಲ್ಲಾ ಇದ್ದವನು, ಒಂದು ಕತ್ತೆಯನ್ನೂ ಜೊತೆಗೆ ಕೊಟ್ಟ ಅಂತ ಬರೆದಿಲ್ಲ.

ಬೇರ್ಷೆಬದ ಮರುಭೂಮಿಯಲ್ಲಿ ದಾರಿ ತಪ್ಪಿ ಅಲೀತಾರೆ, ನೀರು ಮುಗಿಯುತ್ತೆ. ತಾಯಿ ಮಗನನ್ನ ಒಂದು ಪೊದೆಯ ಕೆಳಗೆ ಮಲಗಿಸ್ತಾಳೆ, ತಾನು ಒಂದು ಬಾಣ ಹೊಡೆದಷ್ಟು ದೂರ ಹೋಗಿ ಎದುರಿಗೆ ಕೂತ್ಕೋತಾಳೆ. ಮಗು ಸಾಯೋದನ್ನ ನಾನು ನೋಡಲಾರೆ ಅಂತ. ಆ ದೂರದ ಲೆಕ್ಕ ನೋಡಿ, ಪೂರ್ತಿ ಬಿಟ್ಟು ಹೋಗೋಕೂ ಆಗ್ತಿಲ್ಲ, ಹತ್ರ ಇರೋಕೂ ಆಗ್ತಿಲ್ಲ, ಅಲ್ಲೇ ಕೂತು ಜೋರಾಗಿ ಅಳ್ತಾಳೆ. (ವಯಸ್ಸು ಲೆಕ್ಕ ಹಾಕಿದ್ರೆ ಇಷ್ಮಾಯೇಲ ಹದಿನಾರರ ಆಸುಪಾಸಿನ ಹುಡುಗ ಆಗಬೇಕು, ಇಲ್ಲಿ ಮಾತ್ರ ಎತ್ತಿ ಮಲಗಿಸೋ ಮಗು ಥರ ಬರುತ್ತೆ, ಬೇರೆ ಬೇರೆ ಕಾಲದ ಪಾಠಗಳು ಸೇರಿದ್ದರಿಂದ ಹೀಗೆ ಅಂತ ವಿದ್ವಾಂಸರು ಹೇಳ್ತಾರೆ.) ಈ ಇಡೀ ಅಧ್ಯಾಯದಲ್ಲಿ ಇಷ್ಮಾಯೇಲ ಅನ್ನೋ ಹೆಸರೇ ಇಲ್ಲ, ಅದನ್ನ ಗಮನಿಸಿ. ದಾಸಿಯ ಮಗ, ಹುಡುಗ, ಮಗು, ಇಷ್ಟೇ.

ದೇವರು ಆ ಹುಡುಗನ ಸ್ವರ ಕೇಳ್ತಾನೆ, ದೂತ ಆಕಾಶದಿಂದ ಕರೀತಾನೆ, ಹಾಗರಳೇ ಏನಾಯ್ತು, ಹೆದರಬೇಡ, ಹುಡುಗ ಇರೋ ಜಾಗದಿಂದಲೇ ದೇವರು ಅವನ ಸ್ವರ ಕೇಳಿದ್ದಾನೆ. ಆಮೇಲೆ ಅವಳ ಕಣ್ಣು ತೆರೆಯುತ್ತೆ, ಅಲ್ಲೊಂದು ಬಾವಿ ಕಾಣುತ್ತೆ. ಮಗ ಬದುಕ್ತಾನೆ, ಪಾರಾನ್ ಮರುಭೂಮಿಯಲ್ಲಿ ಬೆಳೆದು ಬಿಲ್ಲುಗಾರ ಆಗ್ತಾನೆ, ತಾಯಿ ಐಗುಪ್ತದಿಂದ ಹೆಣ್ಣು ತಂದು ಮದುವೆ ಮಾಡ್ತಾಳೆ. ಮುಸ್ಲಿಮರ ಪರಂಪರೆಯಲ್ಲಿ ಇದೇ ತಾಯಿ ಹಾಜರಾ, ನೀರಿಗಾಗಿ ಸಫಾ ಮತ್ತು ಮರ್ವಾ ಗುಡ್ಡಗಳ ನಡುವೆ ಓಡಿದವಳು, ಹಜ್‌ಗೆ ಹೋದೋರು ಇವತ್ತಿಗೂ ಆ ಎರಡರ ನಡುವೆ ಏಳು ಸಲ ನಡೀತಾರೆ.

"ಹುಡುಗ ಇರೋ ಜಾಗದಿಂದಲೇ" ಅನ್ನೋ ಆ ಒಂದು ಮಾತಿನ ಮೇಲೆ ಯೆಹೂದಿ ಪಂಡಿತರು ಕಟ್ಟಿರೋ ವಿಚಾರಾನೇ ಈ ಓದನ್ನ ನ್ಯಾಯತೀರ್ಪಿನ ದಿನಕ್ಕೆ ಜೋಡಿಸೋದು. ತಾಲ್ಮುಡ್‌ನ ರೋಷ್ ಹಶಾನಾ ಭಾಗದಲ್ಲಿ ರಬ್ಬಿ ಇಸಾಕ್ ಹೇಳ್ತಾನೆ, ಮನುಷ್ಯನಿಗೆ ತೀರ್ಪು ಕೊಡೋದು ಅವನು ಆ ಗಳಿಗೆಯಲ್ಲಿ ಏನಾಗಿದ್ದಾನೋ ಅದರ ಮೇಲೆ ಮಾತ್ರ, ಅದಕ್ಕೆ ಸಾಕ್ಷಿ ಇದೇ ವಾಕ್ಯ. ಮಿದ್ರಾಷ್, ಅಂದ್ರೆ ಗ್ರಂಥದ ಸಾಲುಗಳ ಮೇಲೆ ಹುಟ್ಟಿದ ಹಳೆಯ ಕಥಾವ್ಯಾಖ್ಯಾನ, ಇದನ್ನ ಒಂದು ಕೋರ್ಟ್ ದೃಶ್ಯವನ್ನೇ ಮಾಡಿಬಿಟ್ಟಿದೆ. ದೇವದೂತರು ಎದ್ದು ನಿಂತು ಆಕ್ಷೇಪ ಎತ್ತುತ್ತಾರೆ, ಮುಂದೊಂದು ದಿನ ಇವನ ಸಂತತಿ ನಿನ್ನ ಮಕ್ಕಳನ್ನ ಬಾಯಾರಿಕೆಯಿಂದ ಸಾಯಿಸುತ್ತೆ, ಇವನಿಗೆ ನೀನು ಬಾವಿ ತೋರಿಸ್ತೀಯಾ? ದೇವರು ಕೇಳೋದು ಒಂದೇ ಪ್ರಶ್ನೆ: ಈಗ ಇವನು ಏನು, ನೀತಿವಂತನೋ ದುಷ್ಟನೋ? ನೀತಿವಂತ. ಹಾಗಾದ್ರೆ ನಾನು ತೀರ್ಪು ಕೊಡೋದು ಈಗಿನದನ್ನ ನೋಡಿ.

ಮುಂದೆ ವೈರಿ ಆಗ್ತಾನೆ ಅಂತ ಗೊತ್ತಿದ್ದೂ ಈಗ ಬಾಯಾರಿದವನಿಗೆ ನೀರು ಕೊಡೋದು. ಈ ಕಥೆ ಕಟ್ಟಿದವರು ಆ 'ವೈರಿ'ಯ ಎದುರು ಪಕ್ಷದವರು ಅನ್ನೋದನ್ನ ಮರೀಬಾರದು, ತಮ್ಮನ್ನ ಸಾಯಿಸುವವರ ಪೂರ್ವಜನಿಗೆ ಸಿಕ್ಕ ಕರುಣೆಯನ್ನೇ ತೋರಿಸಿ ನಮಗೂ ಅದನ್ನೇ ಕೊಡು ಅಂತ ಅವರು ಕೇಳ್ತಿದ್ದಾರೆ.

ಆದ್ರೂ ಒಂದು ಕಷ್ಟ ಹಾಗೇ ಉಳಿಯುತ್ತೆ, ಅದನ್ನ ಮರೆಮಾಚಬಾರದು. ದೇವರು ಸಾರಾಗೆ ಬುದ್ಧಿ ಹೇಳಲಿಲ್ಲ, ಅಬ್ರಹಾಮನನ್ನ ತಡೀಲಿಲ್ಲ, ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸಲಿಲ್ಲ. ಈ ಕಥೆಗಳಲ್ಲಿ ಕರುಣೆ ಅಂದ್ರೆ ಮನೆಯ ಜಗಳ ತೀರಿಹೋಗೋದು ಅಲ್ಲ. ಜಗಳ ಯಾರನ್ನ ಹೊರಗೆ ಎಸೆಯುತ್ತೋ ಅವರಿರೋ ಜಾಗಕ್ಕೆ ಕರುಣೆ ಹೋಗುತ್ತೆ, ಅಷ್ಟೇ. ಅದು ಸಾಕಾ ಅಂತ ಕೇಳಿದ್ರೆ ಹಾಗರಳ ಜಾಗದಲ್ಲಿ ನಿಂತು ನೋಡಿದಾಗ ಸಾಲದು ಅನ್ನಿಸುತ್ತೆ, ಮತ್ತು ಆ ಪ್ರಶ್ನೆಯನ್ನ ವರ್ಷಾವರ್ಷ ಎಲ್ಲರ ಮುಂದೆ ಗಟ್ಟಿಯಾಗಿ ಓದಿ ಎದುರಿಸ್ತಾರಲ್ಲ, ಅದು ನನಗೆ ದೊಡ್ಡದು ಅನಿಸುತ್ತೆ.

ಅದೇ ದಿನದ ಎರಡನೇ ಓದು ಪ್ರವಾದಿಗಳ ಭಾಗದಿಂದ, ಸಮುವೇಲನ ಮೊದಲನೇ ಪುಸ್ತಕದ ಶುರು. ಎಲ್ಕಾನ ಅನ್ನೋನಿಗೆ ಇಬ್ಬರು ಹೆಂಡತಿಯರು, ಪೆನಿನ್ನಳಿಗೆ ಮಕ್ಕಳಿದ್ದಾರೆ, ಹನ್ನಳಿಗಿಲ್ಲ. ವರ್ಷ ವರ್ಷ ಶೀಲೋ ಅನ್ನೋ ಊರಿನ ದೇವಾಲಯಕ್ಕೆ ಯಾತ್ರೆ ಹೋದಾಗ ಅಲ್ಲಿ ಬಲಿಯ ಮಾಂಸ ಹಂಚ್ತಾರೆ, ಪೆನಿನ್ನಳಿಗೂ ಅವಳ ಒಬ್ಬೊಬ್ಬ ಮಗನಿಗೂ ಮಗಳಿಗೂ ಒಂದೊಂದು ಪಾಲು. ಅಂದ್ರೆ ಹನ್ನಳ ಮುಂದೆ ವರ್ಷಕ್ಕೊಂದು ಸಲ ತಟ್ಟೆಗಳ ಲೆಕ್ಕದಲ್ಲೇ ಅವಳ ಕೊರತೆ ಎದ್ದು ಕಾಣುತ್ತೆ, ಅದರ ಮೇಲೆ ಪೆನಿನ್ನಳ ಚುಚ್ಚುಮಾತು ಬೇರೆ. ಹನ್ನ ಊಟ ಬಿಟ್ಟು ಅಳ್ತಾಳೆ. ಗಂಡ ಬಂದು "ಹನ್ನಾ, ಯಾಕೆ ಅಳ್ತೀಯಾ, ಹತ್ತು ಮಕ್ಕಳಿಗಿಂತ ನಾನು ನಿನಗೆ ಹೆಚ್ಚಲ್ವಾ?" ಅಂತಾನೆ. ಪ್ರೀತಿಯಿಂದಲೇ ಹೇಳಿದ್ದು, ಆದ್ರೆ ಅವಳ ನೋವು ಅವನಿಗೆ ತಲುಪಿಲ್ಲ ಅಂತ ಆ ಒಂದು ಮಾತಲ್ಲೇ ಗೊತ್ತಾಗುತ್ತೆ.

ಹನ್ನ ದೇವಾಲಯಕ್ಕೆ ಹೋಗಿ ಮನಸ್ಸಲ್ಲೇ ಬೇಡ್ಕೋತಾಳೆ, ತುಟಿ ಅಲ್ಲಾಡ್ತಿದೆ, ದನಿ ಇಲ್ಲ. ಮಹಾಯಾಜಕ ಏಲಿ ಬಾಗಿಲ ಹತ್ರ ಕೂತು ನೋಡಿ ಕುಡಿದಿದ್ದಾಳೆ ಅಂದ್ಕೋತಾನೆ, ಅಮಲು ಇಳಿಸಿಕೊಂಡು ಬಾ ಅಂತ ಬೈದೇಬಿಡ್ತಾನೆ. "ಇಲ್ಲ ಸ್ವಾಮಿ, ನಾನು ಕುಡಿದಿಲ್ಲ, ಮನಸ್ಸಲ್ಲಿದ್ದದ್ದನ್ನೆಲ್ಲ ದೇವರ ಮುಂದೆ ತೋಡಿಕೊಳ್ತಿದ್ದೆ" ಅಂತ ಅವಳ ಉತ್ತರ. ಮನೆಯಲ್ಲಿ ಸವತಿ, ಗಂಡ, ಇಲ್ಲಿ ಯಾಜಕ, ಮೂರೂ ಕಡೆ ಅವಳನ್ನ ಅರ್ಥ ಮಾಡ್ಕೊಂಡವರು ಯಾರೂ ಇಲ್ಲ. ಅಂಥವಳ ಪ್ರಾರ್ಥನೆಯೇ ಮುಂದೆ ಎಲ್ಲರಿಗೂ ಮಾದರಿ ಆಯ್ತು, ಹೇಗೆ ಪ್ರಾರ್ಥಿಸಬೇಕು, ತುಟಿ ಆಡಬೇಕು ದನಿ ಏಳಬಾರದು ಅನ್ನೋ ನಿಯಮಗಳನ್ನ ತಾಲ್ಮುಡ್ ಹನ್ನಳಿಂದಲೇ ಕಲಿತಿದ್ದು. ಅವಳಿಗೆ ಸಮುವೇಲ ಹುಟ್ಟಿದ. ಪೆನಿನ್ನ ಏನಾದಳು ಅಂತ ಮೂಲದಲ್ಲಿ ಇಲ್ಲ, ಆದ್ರೆ ರಾಶಿ ಅನ್ನೋ ಹೆಸರಿನ ಪಂಡಿತನಂಥ ವ್ಯಾಖ್ಯಾನಕಾರರು ಒಂದು ಹಳೆಯ ಮಾತನ್ನ ಹೇಳ್ತಾರೆ, ಹನ್ನಳಿಗೆ ಒಂದು ಮಗು ಹುಟ್ಟಿದಾಗಲೆಲ್ಲ ಪೆನಿನ್ನಳ ಇಬ್ಬರು ಸಾಯ್ತಿದ್ರು ಅಂತ. ಮಿದ್ರಾಷ್ ಅದನ್ನ ಅಲ್ಲಿಗೇ ಬಿಡಲಿಲ್ಲ, ಕೊನೆಗೆ ಪೆನಿನ್ನ ಬಂದು ಕೇಳ್ಕೊಂಡಾಗ ಉಳಿದ ಮಕ್ಕಳಿಗಾಗಿ ಹನ್ನಳೇ ದೇವರ ಹತ್ರ ಬೇಡಿದಳು, ಅವರು ಉಳಿದರು ಅಂತ ಮುಂದುವರೆಸಿತು. ಚುಚ್ಚಿದವಳ ಮಕ್ಕಳಿಗಾಗಿ ಚುಚ್ಚಿಸಿಕೊಂಡವಳು ಕೈಮುಗಿಯೋದು.

ಎರಡನೇ ದಿನ ಆದಿಕಾಂಡದ 22ನೇ ಅಧ್ಯಾಯ, ದೇವರ ಅಪ್ಪಣೆ ಮೇಲೆ ಅಬ್ರಹಾಮ ಇಸಾಕನನ್ನ ಬಲಿ ಕೊಡೋಕೆ ಹೊರಟಿದ್ದು. ಇದು ಎಲ್ಲರಿಗೂ ಗೊತ್ತಿರೋ ಕಥೆ, ಇದರ ಮೇಲೆ ಬರೆದಿರೋದು ಬೆಟ್ಟದಷ್ಟಿದೆ, ನಾನು ಹೇಳೋದು ಒಂದೇ. ನಿನ್ನೆ ಓದಿದ ಅಧ್ಯಾಯದ ಪಕ್ಕ ಇದನ್ನ ಇಟ್ಟು ನೋಡಿ. ಅಲ್ಲೂ ಅಬ್ರಹಾಮ ಬೆಳಗಾಗೆದ್ದು ಹೊರಡಿಸ್ತಾನೆ, ಇಲ್ಲೂ ಬೆಳಗಾಗೆದ್ದು ಹೊರಡ್ತಾನೆ. ಅಲ್ಲೂ ಒಬ್ಬ ಮಗ ಸಾವಿನ ಅಂಚಿಗೆ ಹೋಗ್ತಾನೆ, ಇಲ್ಲೂ. ಅಲ್ಲೂ ಕೊನೇ ಗಳಿಗೆಯಲ್ಲಿ ದೂತ ಆಕಾಶದಿಂದ ಕರೀತಾನೆ, ಇಲ್ಲೂ. ಅಲ್ಲಿ ಬಾವಿ ಕಣ್ಣಿಗೆ ಬೀಳುತ್ತೆ, ಇಲ್ಲಿ ಪೊದೆಗೆ ಸಿಕ್ಕಿಕೊಂಡ, ಮಗನ ಬದಲು ಬಲಿಯಾಗೋ ಟಗರು. ಮನೆಯಿಂದ ಹೊರಗೆ ಹಾಕಿದ ಮಗನಿಗೂ ವಾಗ್ದಾನದ ಮಗನಿಗೂ ಒಂದೇ ಥರ ಅಪಾಯ, ಒಂದೇ ಥರ ಬಿಡುಗಡೆ. ನನ್ನ ಮಗನಿಗೇ ಎಲ್ಲಾ ಸಿಗಲಿ ಅಂದ ಸಾರಾಳ ಮಗನನ್ನೂ ಹಾಗರಳ ಮಗನನ್ನೂ ಬರೆದವರು ಒಂದೇ ಅಳತೆಯಲ್ಲಿ ಅಳೆದಿದ್ದಾರೆ.

ಈ ಘಟನೆ ಆದಮೇಲೆ ಅಪ್ಪ ಮಗ ಇಬ್ಬರೂ ಮಾತಾಡಿದ್ದು ಗ್ರಂಥದಲ್ಲಿ ಮತ್ತೆಲ್ಲೂ ಇಲ್ಲ. ಬೆಟ್ಟದಿಂದ ಇಳಿದು ಬಂದವನು ಅಬ್ರಹಾಮ ಅಂತ ಮಾತ್ರ ಇದೆ, ಇಸಾಕನ ಹೆಸರಿಲ್ಲ. ಅವನು ಬೇರ್ಷೆಬಕ್ಕೆ ಹೋಗಿ ನೆಲೆಸ್ತಾನೆ, ಮುಂದಿನ ಅಧ್ಯಾಯದಲ್ಲೇ ಸಾರಾ ಹೆಬ್ರೋನ್‌ನಲ್ಲಿ ಸಾಯ್ತಾಳೆ, ಮಗನಿಗೆ ಆಗಬೇಕಿದ್ದ ಗತಿಯ ಸುದ್ದಿ ಕೇಳಿಯೇ ಅವಳ ಜೀವ ಹೋಯ್ತು ಅಂತ ಮಿದ್ರಾಷ್ ಹೇಳುತ್ತೆ. ಕರುಣೆ ಬಂತು, ಮಗ ಉಳಿದ, ಮನೆ ಮಾತ್ರ ಮೊದಲಿನ ಹಾಗಾಗಲಿಲ್ಲ.

ಶೋಫಾರ್ ಬಗ್ಗೆನೂ ಒಂದು ಮಾತು. ಟಗರಿನ ಕೊಂಬಿನ ಆ ವಾದ್ಯವನ್ನ ಈ ಹಬ್ಬದಲ್ಲಿ ಊದಲೇಬೇಕು, ಹೆಚ್ಚಿನ ಕಡೆ ನೂರು ಸಲ ಊದ್ತಾರೆ. ಅದರಲ್ಲಿ ತುಂಡು ತುಂಡಾಗಿ ಬರೋ ಒಂದು ಸ್ವರ ಹೇಗಿರಬೇಕು ಅಂತ ತಾಲ್ಮುಡ್ ಹುಡುಕೋದು ಎಲ್ಲಿ ಗೊತ್ತಾ, ಸಿಸೆರನ ತಾಯಿಯ ಅಳುವಿನಲ್ಲಿ. ಸಿಸೆರ ಇಸ್ರಾಯೇಲ್ಯರನ್ನ ಹಿಂಸಿಸಿದ ಸೇನಾಪತಿ, 900 ಕಬ್ಬಿಣದ ರಥಗಳಿದ್ದವನು, ಯುದ್ಧದಲ್ಲಿ ಸೋತು ಓಡಿ ಯಾಯೇಲ ಅನ್ನೋ ಹೆಂಗಸಿನ ಕೈಯಲ್ಲಿ ಸತ್ತ. ಅವನ ತಾಯಿ ಕಿಟಕಿಯಲ್ಲಿ ನಿಂತು ಮಗನ ರಥ ಯಾಕಿನ್ನೂ ಬರಲಿಲ್ಲ ಅಂತ ಅಳೋದು ನ್ಯಾಯಸ್ಥಾಪಕರು ಅನ್ನೋ ಪುಸ್ತಕದ 5ನೇ ಅಧ್ಯಾಯದ ಹಾಡಿನಲ್ಲಿದೆ. ದೇವರ ಕರುಣೆ ಬೇಡೋ ದಿನ ಊದೋ ಸ್ವರದ ಅಳತೆ ಶತ್ರುವಿನ ತಾಯಿಯ ಬಿಕ್ಕಳಿಕೆ. ಬಿಕ್ಕಳಿಕೆಯೋ ನರಳಾಟವೋ ಅಂತ ಅನುಮಾನ ಬಂದಾಗ ಕೈಸರೇಯದ ರಬ್ಬಿ ಅಬ್ಬಾಹು ಎರಡನ್ನೂ ಊದಿ ಅಂತ ಕ್ರಮ ಮಾಡಿದ, ಅದೇ ಇವತ್ತಿಗೂ ನಡೀತಿದೆ.

ಎರಡನೇ ದಿನದ ಪ್ರವಾದಿ ಓದು ಯೆರೆಮೀಯ 31, ನನ್ನ ಪ್ರಕಾರ ಈ ನಾಲ್ಕರಲ್ಲಿ ತುಂಬಾ ಒಳಗೆ ಹೋಗೋದು ಇದೇ. ಹಿನ್ನೆಲೆ ಇಷ್ಟು: ಉತ್ತರದ ಇಸ್ರಾಯೇಲ್ ರಾಜ್ಯ ಕ್ರಿ.ಪೂ. 722ರಲ್ಲಿ ಅಶ್ಶೂರರ ಕೈಗೆ ಹೋಯ್ತು, ದಕ್ಷಿಣದ ಯೆರೂಸಲೇಮ್ ಕ್ರಿ.ಪೂ. 586ರಲ್ಲಿ ಬಾಬಿಲೋನಿಗೆ ಬಿತ್ತು, ಜನ ಸೆರೆಯಾಗಿ ಹೋದರು. ಆ ಸೆರೆಯವರನ್ನ ಕೂಡಿಹಾಕಿದ್ದ ರಾಮಾದಲ್ಲಿ ಒಂದು ಅಳು ಕೇಳ್ತಿದೆ ಅಂತಾನೆ ಯೆರೆಮೀಯ, ಎಷ್ಟೋ ಶತಮಾನದ ಹಿಂದೆ ಸತ್ತ ರಾಹೇಲ ತನ್ನ ಮಕ್ಕಳಿಗಾಗಿ ಅಳ್ತಿದ್ದಾಳೆ, ಸಮಾಧಾನ ಬೇಡ ಅಂತಿದ್ದಾಳೆ. ದೇವರ ಉತ್ತರ, ಅಳು ನಿಲ್ಲಿಸು, ನಿನ್ನ ಶ್ರಮಕ್ಕೆ ಪ್ರತಿಫಲ ಇದೆ, ಮಕ್ಕಳು ವಾಪಸ್ ಬರ್ತಾರೆ. ಆಮೇಲೆ ದೇವರೇ ತನ್ನೊಳಗೆ ಮಾತಾಡಿಕೊಂಡ ಹಾಗಿದೆ, ಎಫ್ರಾಯೀಮ್ (ರಾಹೇಲಳ ಮೊಮ್ಮಗ, ಉತ್ತರದ ರಾಜ್ಯವನ್ನ ಆ ಹೆಸರಿಂದಲೂ ಕರೀತಿದ್ರು) ನನ್ನ ಮುದ್ದಿನ ಮಗ ಅಲ್ವಾ, ಅವನ ವಿರುದ್ಧ ಎಷ್ಟು ಸಲ ಮಾತಾಡಿದ್ರೂ ಮತ್ತೆ ಮತ್ತೆ ನೆನಪಾಗ್ತಾನಲ್ಲ, ಅವನಿಗಾಗಿ ನನ್ನ ಕರುಳು ಮಿಡಿಯುತ್ತೆ, ಅವನಿಗೆ ಕರುಣೆ ತೋರಿಸೇ ತೋರಿಸ್ತೀನಿ. ಬೈಯ್ದ ಬಾಯಲ್ಲೇ ಮಗನ ಹೆಸರು ನೆನೆಯೋ ಅಪ್ಪನ ಹಾಗೆ ಇಲ್ಲಿ ದೇವರು ಕಾಣ್ತಾನೆ.

ನಿನ್ನ ಶ್ರಮ ಅಂದ್ರೆ ರಾಹೇಲಳ ಯಾವ ಶ್ರಮ? ಇದಕ್ಕೆ ಮತ್ತೆ ಮನೆಗೆ ಹೋಗಬೇಕು. ಇಸಾಕನ ಮಗ ಯಾಕೋಬ ರಾಹೇಲಳಿಗಾಗಿ ಅವಳಪ್ಪ ಲಾಬಾನನ ಹತ್ರ ಏಳು ವರ್ಷ ದುಡಿದ. ಮದುವೆ ರಾತ್ರಿ ಲಾಬಾನ ಅಕ್ಕ ಲೇಯಳನ್ನ ಕಳಿಸಿಬಿಟ್ಟ, ಬೆಳಗಾದಮೇಲೆ ಗೊತ್ತಾಯ್ತು. ಇನ್ನೇಳು ವರ್ಷ ದುಡಿಯೋ ಕರಾರಿನ ಮೇಲೆ ರಾಹೇಲಳೂ ಬಂದಳು, ಒಂದೇ ಗಂಡನಿಗೆ ಅಕ್ಕತಂಗಿ ಇಬ್ಬರೂ. ಗಂಡನಿಗೆ ಲೇಯ ಬೇಡ, ಅದನ್ನ ನೋಡಿದ ದೇವರು ಲೇಯಳಿಗೆ ಮಕ್ಕಳು ಕೊಡ್ತಾನೆ, ಪ್ರೀತಿ ಸಿಕ್ಕ ರಾಹೇಲಳಿಗೆ ಮಕ್ಕಳಿಲ್ಲ. ಒಂದು ಗೋಧಿ ಸುಗ್ಗಿಯಲ್ಲಿ ಲೇಯಳ ಮಗ ರೂಬೇನ ಹೊಲದಿಂದ, ಬಸಿರಾಗೋಕೆ ಸಹಾಯ ಮಾಡುತ್ತೆ ಅಂತ ಜನ ನಂಬಿದ್ದ ಒಂದು ಗಿಡದ ಹಣ್ಣು ತರ್ತಾನೆ. ರಾಹೇಲ ನನಗೂ ಕೊಡು ಅಂತಾಳೆ. ಲೇಯ ಅನ್ನೋದು, "ನನ್ನ ಗಂಡನ್ನ ಕಿತ್ಕೊಂಡಿದ್ದು ಸಾಲದಾ, ನನ್ನ ಮಗ ತಂದ ಹಣ್ಣೂ ಬೇಕಾ?" ಕೊನೆಗೆ ಹಣ್ಣಿಗೆ ಬದಲಾಗಿ ಗಂಡ ಆ ರಾತ್ರಿ ಲೇಯಳ ಹತ್ರ ಇರಲಿ ಅಂತ ವ್ಯಾಪಾರ ಆಗುತ್ತೆ, ಸಂಜೆ ಹೊಲದಿಂದ ಬರ್ತಿದ್ದ ಯಾಕೋಬನಿಗೆ ಲೇಯ ದಾರಿಯಲ್ಲೇ ಎದುರು ಹೋಗಿ ಹೇಳ್ತಾಳೆ. ಅಕ್ಕತಂಗಿಯರ ಮಧ್ಯೆ ಎಷ್ಟು ಕಹಿ ಇತ್ತು ಅಂತ ತಿಳಿಯೋಕೆ ಆ ನಾಲ್ಕು ಸಾಲು ಸಾಕು.

ಈ ಕಹಿ ಎಲ್ಲಾ ಗೊತ್ತಿದ್ದೂ ಮಿದ್ರಾಷ್ ಹಿಂದಕ್ಕೆ, ಆ ಮದುವೆ ರಾತ್ರಿಗೆ ಹೋಗುತ್ತೆ. ಯೆರೂಸಲೇಮ್ ಸುಟ್ಟು ಜನ ಸೆರೆಹೋದಾಗ ಅಬ್ರಹಾಮ, ಇಸಾಕ, ಯಾಕೋಬ, ಮೋಶೆ ಎಲ್ಲರೂ ದೇವರ ಮುಂದೆ ನಿಂತು ತಮ್ಮ ತಮ್ಮ ಪುಣ್ಯ ಹೇಳಿ ಬೇಡ್ತಾರೆ, ದೇವರ ಮನಸ್ಸು ಕರಗಲ್ಲ. ಆಗ ರಾಹೇಲ ಮುಂದೆ ಬರ್ತಾಳೆ. ಅಪ್ಪ ಮೋಸ ಮಾಡ್ತಾನೆ ಅಂತ ನನಗೆ ಮೊದಲೇ ಗೊತ್ತಾಗಿತ್ತು, ನನ್ನನ್ನ ಗುರುತು ಹಿಡಿಯೋಕೆ ಯಾಕೋಬನಿಗೆ ಗುಟ್ಟಿನ ಗುರುತುಗಳನ್ನೂ ಕೊಟ್ಟಿದ್ದೆ, ಆದ್ರೆ ಅಕ್ಕನಿಗೆ ಎಲ್ಲರ ಮುಂದೆ ಅವಮಾನ ಆಗುತ್ತಲ್ಲ ಅಂತ ಮನಸ್ಸು ತಡೀಲಿಲ್ಲ, ಆ ಗುರುತುಗಳನ್ನ ಅವಳಿಗೇ ಹೇಳಿಕೊಟ್ಟೆ. ಅಷ್ಟೇ ಅಲ್ಲ, ಅವರ ಮಂಚದ ಕೆಳಗೆ ನಾನೇ ಅಡಗಿದ್ದು ಯಾಕೋಬ ಮಾತಾಡಿದಾಗಲೆಲ್ಲ ನನ್ನ ದನಿಯಲ್ಲಿ ಉತ್ತರ ಕೊಟ್ಟೆ, ಅಕ್ಕನ ದನಿ ಅವನಿಗೆ ಗೊತ್ತಾಗದಿರಲಿ ಅಂತ. ಮಣ್ಣು ಬೂದಿಯಾದ ನಾನೇ ನನ್ನ ಸವತಿಯ ಮೇಲೆ ಹೊಟ್ಟೆಕಿಚ್ಚು ಪಡಲಿಲ್ಲ, ನೀನು ಕರುಣೆಯ ರಾಜ, ಜೀವವೇ ಇಲ್ಲದ ವಿಗ್ರಹಗಳ ಮೇಲೆ ಹೊಟ್ಟೆಕಿಚ್ಚು ಪಟ್ಟು ನನ್ನ ಮಕ್ಕಳನ್ನ ಸೆರೆಗೆ ಕಳಿಸಿದೆಯಾ?

ಅವಳು ಹಾಗೆ ಕೇಳಿದ ಕೂಡಲೇ ದೇವರ ಕರುಣೆ ಉಕ್ಕಿ ಬಂತು, ರಾಹೇಲಳೇ ನಿನಗೋಸ್ಕರ ಅವರನ್ನ ವಾಪಸ್ ಕರ್ಕೊಂಡು ಬರ್ತೀನಿ ಅಂದ ಅನ್ನುತ್ತೆ ಮಿದ್ರಾಷ್. ಬಲಿಪೀಠದ ಮೇಲೆ ಮಲಗಿದ ಇಸಾಕನ ಪುಣ್ಯಕ್ಕೆ ಆಗದೇ ಇದ್ದದ್ದು, ಒಂದು ರಾತ್ರಿ ತಂಗಿ ಅಕ್ಕನ ಮಾನ ಕಾಪಾಡಿದ್ದಕ್ಕೆ ಆಯ್ತು. ಇಲ್ಲಿ ಕರುಣೆ ಮೇಲಿಂದ ಕೆಳಗೆ ಇಳಿದು ಬರೋದಲ್ಲ, ಮನೆಯೊಳಗೆ ಒಬ್ಬಳು ಮೊದಲು ಮಾಡಿ ತೋರಿಸಿದ್ದನ್ನ ದೇವರು ಆಮೇಲೆ ಮಾಡ್ತಾನೆ, ಅವಳು ದೇವರಿಗೇ ಅದನ್ನ ಮುಂದಿಟ್ಟು ಕೇಳ್ತಾಳೆ. ಹೊಸವರ್ಷದ ದಿನ ಮನೆಜಗಳ ಯಾಕೆ ಓದ್ತಾರೆ ಅನ್ನೋದಕ್ಕೆ ನನಗೆ ಸಿಕ್ಕ ಉತ್ತರ ಇದೇ, ದೇವರ ಹತ್ರ ಕರುಣೆ ಕೇಳೋದಕ್ಕೆ ಮನುಷ್ಯನ ಕೈಯಲ್ಲಿ ಏನಾದ್ರೂ ಇದ್ದರೆ ಅದು ಮನೆಯವರ ಜೊತೆ ಅವನು ನಡ್ಕೊಂಡ ರೀತಿ.

ಕಾನೂನಿನಲ್ಲೂ ಇದೇ ಬರುತ್ತೆ. ಕ್ರಿ.ಶ. 200ರ ಸುಮಾರಿಗೆ ಸಂಕಲನವಾದ, ತಾಲ್ಮುಡ್‌ಗೆ ತಳಹದಿಯಾದ ಕಾನೂನು ಸಂಗ್ರಹ ಮಿಶ್ನಾದ ಯೋಮಾ ಭಾಗ ಹೇಳೋದು, ಮನುಷ್ಯ ದೇವರಿಗೆ ಮಾಡಿದ ತಪ್ಪನ್ನ ಯೋಮ್ ಕಿಪ್ಪುರ್ ತೊಳೆಯುತ್ತೆ, ಮನುಷ್ಯ ಮನುಷ್ಯನಿಗೆ ಮಾಡಿದ ತಪ್ಪನ್ನ, ಆ ಮನುಷ್ಯನನ್ನ ಸಮಾಧಾನ ಮಾಡೋವರೆಗೂ ತೊಳೆಯಲ್ಲ. ಅಂದ್ರೆ ತಮ್ಮನಿಗೆ ಆಸ್ತಿಯಲ್ಲಿ ಮೋಸ ಮಾಡಿ ಇಡೀ ದಿನ ಉಪವಾಸ ಕೂತು ಅತ್ತರೆ ಪ್ರಯೋಜನ ಇಲ್ಲ, ತಮ್ಮನ ಮನೆಗೆ ಹೋಗಬೇಕು. 12ನೇ ಶತಮಾನದ ಯೆಹೂದಿ ಪಂಡಿತ ಮೈಮೊನಿಡಿಸ್ ಇದಕ್ಕೆ ವಿಧಾನಾನೇ ಬರೆದಿಟ್ಟಿದ್ದಾನೆ: ಮೊದಲು ತೀರಿಸಬೇಕಾದ್ದನ್ನ ತೀರಿಸಿ ಕ್ಷಮೆ ಕೇಳು, ಒಪ್ಪದಿದ್ರೆ ಮೂವರು ಸ್ನೇಹಿತರನ್ನ ಕರ್ಕೊಂಡು ಹೋಗು, ಹೀಗೆ ಮೂರು ಸಲ ಪ್ರಯತ್ನ ಮಾಡು, ಆಮೇಲೂ ಅವನು ಮನಸ್ಸು ಗಟ್ಟಿ ಮಾಡ್ಕೊಂಡಿದ್ರೆ ಅವನನ್ನ ಬಿಟ್ಟು ಬಾ, ಈಗ ಪಾಪ ಕ್ಷಮಿಸದವನದ್ದು. ಅದಕ್ಕೇ ಈ ಹತ್ತು ದಿನಗಳಲ್ಲಿ ಯೆಹೂದಿ ಮನೆಗಳಲ್ಲಿ ವರ್ಷವಿಡೀ ಮಾತು ಬಿಟ್ಟ ಅಣ್ಣತಮ್ಮಂದಿರಿಗೂ ಫೋನ್ ಹೋಗೋದು.

ಸಾರಾ ಹಾಗರಳ ಹತ್ರ ಹೋದಳಾ? ಎಲ್ಲೂ ಬರೆದಿಲ್ಲ. ಮುಂದಿನ ತಲೆಮಾರು ಮಾತ್ರ ಒಂದು ಹೆಜ್ಜೆ ಇಟ್ಟ ಹಾಗಿದೆ. ಸಾರಾ ಸತ್ತಮೇಲೆ, ತನಗೆ ಗೊತ್ತುಮಾಡಿದ ಹೆಣ್ಣು ರೆಬೆಕ್ಕ ಬರೋ ಹೊತ್ತಿಗೆ, ಇಸಾಕ ಎಲ್ಲಿಂದ ಬರ್ತಿದ್ದ ಅಂದ್ರೆ ಬೆಯೇರ್ ಲಹೈರೋಯಿಯಿಂದ, ಹಾಗರ ದೇವರಿಗೆ ಹೆಸರಿಟ್ಟ ಅದೇ ಬುಗ್ಗೆಯ ಕಡೆಯಿಂದ, ಮುಂದೆ ಅವನು ವಾಸ ಮಾಡೋದೂ ಅದರ ಹತ್ರವೇ. ತನ್ನ ತಾಯಿ ಓಡಿಸಿದ ಹೆಂಗಸಿನ ಊರಲ್ಲಿ ಅವನಿಗೇನು ಕೆಲಸ? ಹಾಗರಳನ್ನ ಅಪ್ಪನ ಹತ್ರ ವಾಪಸ್ ಕರೆತರೋಕೆ ಹೋಗಿದ್ದ ಅಂತ ಮಿದ್ರಾಷ್ ಹೇಳುತ್ತೆ, ಅಬ್ರಹಾಮ ಕೊನೆಗಾಲದಲ್ಲಿ ಮದುವೆಯಾದ ಕೆಟೂರ ಅನ್ನೋಳು ಹಾಗರಳೇ ಅಂತ ಗುರುತಿಸುತ್ತೆ. ಅದನ್ನ ನಂಬೋದು ಬಿಡೋದು ಓದೋರಿಗೆ ಬಿಟ್ಟಿದ್ದು. ಮೂಲ ಗ್ರಂಥ ಇಷ್ಟಂತೂ ಹೇಳುತ್ತೆ, ಅಬ್ರಹಾಮ 175 ವರ್ಷ ಬದುಕಿ ತೀರಿಕೊಂಡಾಗ ಮಕ್ಪೇಲದ ಗವಿಯಲ್ಲಿ ಅವನನ್ನ ಮಣ್ಣು ಮಾಡಿದ್ದು ಇಸಾಕ ಮತ್ತು ಇಷ್ಮಾಯೇಲ, ಇಬ್ಬರೂ ಸೇರಿ.